ಜಪಾನಿ ಮೇಷ್ಟ್ರ ಹೆಂಡತಿಯ ಅಳತೆ

ಮಾರ್ಚ್ ೪

ಇವಳಿಗೆ,

ನಾನು ಚೆನ್ನಾಗಿದ್ದೀನಿ. ಹೊಟ್ಟೆ ಸ್ವಲ್ಪ ಇಳಿದಿದೆ, ಕೇಳಿ ನಿನಗೆ ಖುಷಿಯಾಗಬಹುದು. ಕೋಣೆ ಮೂರನೇ ಮಹಡಿಯಲ್ಲಿ. ಮಂಚದ ಮೇಲೆ ಕೂತೇ ಒಲೆ ಹಚ್ಚಬಹುದು, ಒಲೆ ಮುಂದೆ ನಿಂತೇ ಬಾಗಿಲ ಚಿಲಕ ಹಾಕಬಹುದು. ಅಷ್ಟು ಅನುಕೂಲ.

ಕಾರ್ಖಾನೆಯಲ್ಲಿ ಇನ್ನೂರು ಹೊಲಿಗೆ ಮಿಷಿನ್ ಇವೆ, ಎಲ್ಲ ಜಪಾನಿನವು. ಗುಂಡಿ ತೂರಿಸೋ ಕಾಜಾ ಹಾಕೋ ನಲವತ್ತು ಮಿಷಿನ್ ನನ್ನ ಸುಪರ್ದಿಗೆ ಬಂದಿವೆ. ಒಂದು ತೊಂದರೆ ಅಂದರೆ ಅವುಗಳ ರಿಪೇರಿ ಪುಸ್ತಕವೂ ಜಪಾನಿ ಭಾಷೆಯಲ್ಲೇ ಇದೆ. ನನ್ನ ಕೆಲಸ ನೋಡಿ ಮ್ಯಾನೇಜರು ಎಷ್ಟು ಮೆಚ್ಚಿದ್ದಾರೆ ಅಂದರೆ, ನನಗೊಬ್ಬನಿಗೇ ಜಪಾನಿ ಕಲಿಸೋಕೆ ಕಂಪನಿ ಕಡೆಯಿಂದ ಒಬ್ಬ ಟೀಚರ್ ಗೊತ್ತುಮಾಡಿದ್ದಾರೆ. ದಿನಾ ಸಂಜೆ ಐದರಿಂದ ಆರು ಪಾಠ.

ನಿನ್ನ ಬೆನ್ನು ಹೇಗಿದೆ? ಡಾಕ್ಟರು ಹೇಳಿದ ಹಾಗೆ ಮಿಷಿನ್ ತುಳಿಯೋದು ಬಿಟ್ಟಿದ್ದೀಯ ತಾನೆ? ಅಮ್ಮನಿಗೆ ನಮಸ್ಕಾರ ಹೇಳು.

ಇಂತಿ, ನಾನೇ


ಮಾರ್ಚ್ ೧೯

ಇವರಿಗೆ,

ಕಾಗದ ಬಂತು. ಡಾಕ್ಟರು ಹೇಳಿದ ದಿನದಿಂದ ನಾನು ಮಿಷಿನ್ ತುಳಿದೇ ಇಲ್ಲ. ಅತ್ತೆ ಆರೋಗ್ಯವಾಗಿದ್ದಾರೆ. ಮಗನಿಗೆ ಜಪಾನಿ ಪಾಠ ಅಂತ ಬೀದಿಗೆಲ್ಲ ಹೇಳಿ ಬಂದಾಗಿದೆ. ಕೇಳದವರಿಗೆ ಎರಡು ಸಲ ಹೇಳಿದ್ದಾರೆ.

ಒಂದು ವಿಷಯ. ನೀವು ‘ಟೀಚರ್’ ಅಂತ ಬರೆದಿದ್ದೀರಿ. ಗಂಡಸಾಗಿದ್ದರೆ ನೀವು ‘ಮೇಷ್ಟ್ರು’ ಅಂತ ಬರೀತಿದ್ದಿರಿ. ಹದಿನೈದು ವರ್ಷದಿಂದ ನಿಮ್ಮ ಮಾತು ಕೇಳಿದವಳು ನಾನು. ಟೀಚರಿಗೆ ವಯಸ್ಸೆಷ್ಟು? ಪಾಠ ಎಲ್ಲಿ, ಕಾರ್ಖಾನೆಯಲ್ಲೋ ಮೂರನೇ ಮಹಡಿಯಲ್ಲೋ?

ಫೋನ್ ಮಾಡಬೇಡಿ. ಅಂಗಡಿಯವರ ಫೋನಿನಲ್ಲಿ ನಾನು ‘ಹಲೋ’ ಅನ್ನೋಷ್ಟರಲ್ಲಿ ಅಕ್ಕಿ ಕೊಳ್ಳೋಕೆ ಬಂದವರೆಲ್ಲ ಕಿವಿ ನೆಟ್ಟಗೆ ಮಾಡ್ತಾರೆ. ಬರೆದು ತಿಳಿಸಿ.

ಮನೆಯವಳು


ಏಪ್ರಿಲ್ ೩

ಇವಳಿಗೆ,

ನಿನಗೆ ಎಲ್ಲದರಲ್ಲೂ ಅನುಮಾನ! ಅವರು ಗಂಡಸೇ. ಮೇಷ್ಟ್ರು ಅಂದರೆ ಮೇಷ್ಟ್ರೇ. ಎಪ್ಪತ್ತೆರಡು ವರ್ಷ, ಮೇಲಿನ ಸಾಲಿನಲ್ಲಿ ಹಲ್ಲಿಲ್ಲ, ಕೋಲು ಊರಿಕೊಂಡು ನಡೀತಾರೆ. ಹೆಂಡತಿ ಜೊತೆ ಇಲ್ಲೇ ಹತ್ತಿರದ ಬೀದಿಯಲ್ಲಿದ್ದಾರೆ. ಪಾಠ ಅವರ ಮನೆಯಲ್ಲಿ, ಆ ತಾಯಿಯ ಎದುರಿಗೇ ನಡೆಯುತ್ತೆ. ಸಾಕಾ?

ಭಾಷೆ ವಿಚಾರ ಕೇಳು, ಮಜಾ ಇದೆ. ಹೊಲಿಗೆ ಮಿಷಿನ್‌ಗೆ ಅವರೂ ‘ಮಿಷಿನ್’ ಅಂತಲೇ ಅಂತಾರೆ! ಮೊದಲ ದಿನವೇ ಒಂದು ಪದ ಬಂದುಬಿಡ್ತು. ವಾಕ್ಯವೂ ನಮ್ಮ ಥರಾನೇ, ಕ್ರಿಯಾಪದ ಕೊನೆಯಲ್ಲಿ ಬಂದು ಕೂರುತ್ತೆ. ಆದರೆ ಪದಗಳು ಮೋಸ ಮಾಡ್ತವೆ. ‘ಕಸ’ ಅಂದರೆ ಛತ್ರಿ. ‘ಮೋರಿ’ ಅಂದರೆ ಕಾಡು. ‘ಸರ’ ಅಂದರೆ ತಟ್ಟೆ, ಹಾಗಾಗಿ ಬರುವಾಗ ಸರ ತನ್ನಿ ಅಂತ ಬರೆಯೋ ಮುಂಚೆ ಯೋಚನೆ ಮಾಡು. ಅಕ್ಕನಿಗೆ ‘ಆನೆ’ ಅಂತಾರೆ. ನಮ್ಮಕ್ಕನಿಗೆ ಇದನ್ನು ದಯವಿಟ್ಟು ಹೇಳಬೇಡ. ‘ಹರಿ’ ಅಂದರೆ ಸೂಜಿ.

ಲಿಪಿ ಮಾತ್ರ ಒಂದಲ್ಲ, ಮೂರು. ಮೂರನ್ನೂ ಒಂದೇ ಸಾಲಿನಲ್ಲಿ ಬೆರೆಸಿ ಬರೀತಾರೆ. ಮೂರನೆಯದರಲ್ಲಿ ಎಷ್ಟು ಅಕ್ಷರ ಅಂತ ಮೇಷ್ಟ್ರನ್ನು ಕೇಳಿದೆ. ಅವರು ಮೊದಲು ಚಹಾ ಕುಡಿಯೋಣ ಅಂದರು.

ಇಂತಿ, ನಾನೇ


ಏಪ್ರಿಲ್ ೧೮

ಇವರಿಗೆ,

ನಿಮ್ಮ ಕಾಗದ ಅತ್ತೆಗೆ ಓದಿ ಹೇಳಿದೆ. ಸೂಜಿಗೆ ಹರಿ ಅಂತಾರೆ ಅಂದಾಗ ಕೈ ಜೋಡಿಸಿ, “ಸದ್ಯ, ಹೊಟ್ಟೆಪಾಡಿಗಾದರೂ ದಿನಕ್ಕೆ ನೂರು ಸಲ ದೇವರ ಹೆಸರು ಹೇಳ್ತಾನಲ್ಲ!” ಅಂದರು. ನಿಮ್ಮಕ್ಕ ನಿನ್ನೆ ಬಂದಿದ್ದರು. ಬಾಗಿಲಲ್ಲೇ ಅತ್ತೆ “ಬಾರೇ ಆನೆ” ಅಂದುಬಿಟ್ಟರು. ಅವರು ಕಾಫಿ ಕುಡಿಯದೆ ಎದ್ದು ಹೋದರು. ಸಮಾಧಾನ ಮಾಡಿ ನೀವೇ ಬರೀರಿ, ನನ್ನ ಕೈಯಲ್ಲಾಗಲ್ಲ.

ಎಪ್ಪತ್ತೆರಡು ವರ್ಷದವರು ದಿನಾ ಕೂತು ಕಲಿಸ್ತಾರೆ ಅಂದರೆ ಸಾಮಾನ್ಯವಲ್ಲ. ಬರಿಗೈಯಲ್ಲಿ ಪಾಠ ಹೇಳಿಸಿಕೊಳ್ಳೋದು ಸರಿ ಅಲ್ಲ ಅನ್ನಿಸ್ತು. ಆ ತಾಯಿಗೆ ಉದ್ದ ತೋಳಿನ ಹತ್ತಿ ಅಂಗಿ ಒಂದು ಹೊಲಿದು ಕಳಿಸ್ತೀನಿ, ತಿಳಿ ನೀಲಿ ಬಟ್ಟೆ ತೆಗೆದಿಟ್ಟಿದ್ದೀನಿ. ಎದೆ, ಸೊಂಟ, ಭುಜ, ತೋಳು, ಕುತ್ತಿಗೆ, ಉದ್ದ ಇಷ್ಟೂ ಅಳತೆ ಕಳಿಸಿ. ಟೇಪು ನಿಮ್ಮ ಪೆಟ್ಟಿಗೆಯ ಎಡ ಮೂಲೆಯಲ್ಲಿದೆ. ಅಳೆಯೋಕೆ ಸಂಕೋಚವಾದರೆ ಅವರದೇ ಹಳೇ ಅಂಗಿ ಕೇಳಿ ಅಳೆದುಕೊಳ್ಳಿ.

ಮನೆಯವಳು


ಮೇ ೨

ಇವಳಿಗೆ,

ಅಂಗಿ ಎಲ್ಲ ಯಾಕೆ, ಅವರು ಏನೂ ಬಯಸೋರಲ್ಲ. ಆದರೂ ನೀನು ಬಿಡೋವಳಲ್ಲ ಅಂತ ಅಳತೆ ಕಳಿಸ್ತಿದ್ದೀನಿ.

ಎದೆ ಇಪ್ಪತ್ತೆಂಟು. ಸೊಂಟ ಮೂವತ್ತಾರು. ಭುಜ ಇಪ್ಪತ್ತನಾಲ್ಕು. ತೋಳು ಮೂವತ್ತೊಂದು. ಕುತ್ತಿಗೆ ಒಂಬತ್ತು. ಅಂಗಿ ಉದ್ದ ಇಪ್ಪತ್ತೆರಡು. ಎಲ್ಲ ಇಂಚಿನಲ್ಲಿ.

ನಿಧಾನಕ್ಕೆ ಹೊಲಿ, ಅವಸರವಿಲ್ಲ. ಅವರಿಗೆ ಈಚೆಗೆ ಮೈ ಅಷ್ಟು ಚೆನ್ನಾಗಿಲ್ಲ. ಮೇಷ್ಟ್ರಿಗೂ ಕೆಮ್ಮು. ಇಬ್ಬರೂ ಮಗಳ ಊರಿಗೆ ಹೋಗಿಬಿಡೋ ಮಾತಾಡ್ತಿದ್ದಾರೆ.

ಇಂತಿ, ನಾನೇ


ಮೇ ೧೬

ಇವರಿಗೆ,

ಇಪ್ಪತ್ತು ವರ್ಷದಿಂದ ಹೊಲೀತಿದ್ದೀನಿ. ದಪ್ಪಗಿರೋರು, ಕಡ್ಡಿ ಥರ ಇರೋರು, ಗೂನು ಬೆನ್ನಿನವರು, ಎಲ್ಲರಿಗೂ ಹೊಲಿದಿದ್ದೀನಿ. ನೀವು ಬರೆದ ಅಳತೆಯ ಹೆಂಗಸು ಭೂಮಿ ಮೇಲೆ ಹುಟ್ಟಿಲ್ಲ. ಸುತ್ತಳತೆ ಇಪ್ಪತ್ತೆಂಟಿರೋ ಎದೆಗೆ ಇಪ್ಪತ್ತನಾಲ್ಕು ಇಂಚಿನ ಭುಜ ಎಲ್ಲಿ ಕೂರುತ್ತೆ? ಒಂಬತ್ತು ಇಂಚು ಕುತ್ತಿಗೆ ಅಂದರೆ ಕೋಳಿಯದು. ಮೂವತ್ತೊಂದು ಇಂಚಿನ ತೋಳಿದ್ದರೆ ಆ ತಾಯಿ ನಿಂತುಕೊಂಡೇ ಮೊಣಕಾಲ ಕೆಳಗೆ ಕೆರೆದುಕೊಳ್ಳಬಹುದು.

ನಿಮ್ಮ ಅಳತೆಯಂತೆ ಕಾಗದದಲ್ಲಿ ಕತ್ತರಿಸಿ ಗೋಡೆಗೆ ಅಂಟಿಸಿದೆ. ಅತ್ತೆ ನೋಡಿ ಹೆದರಿಕೊಂಡರು.

ಹಾಗಾಗಿ ಎರಡರಲ್ಲಿ ಒಂದು. ಮೇಷ್ಟ್ರೂ ಇಲ್ಲ, ಅವರ ಹೆಂಡತಿಯೂ ಇಲ್ಲ. ಇಲ್ಲದಿದ್ದರೆ ಟೀಚರ್ ಇದ್ದಾರೆ, ಅವರ ಅಳತೆ ನೀವು ನನಗೆ ಬರೆಯೋ ಹಾಗಿಲ್ಲ. ಯಾವುದು ಅಂತ ಹೇಳಿ. ಈ ಸಲ ನಿಜ ಬರೀರಿ. ಇಲ್ಲದಿದ್ದರೆ ಕಾಗದವೇ ಬೇಡ.


ಮೇ ೨೯

ಇವಳಿಗೆ,

ಮೇಷ್ಟ್ರಿಲ್ಲ. ಹೆಂಡತಿಯಿಲ್ಲ. ಟೀಚರ್ ಮೊದಲೇ ಇಲ್ಲ. ನಾನು ಒಬ್ಬನೇ ಕಲೀತಿದ್ದೀನಿ.

ನಡೆದದ್ದು ಇಷ್ಟು. ಅವತ್ತು ಇಂಟರ್‌ವ್ಯೂನಲ್ಲಿ ಮ್ಯಾನೇಜರು “ಜಪಾನಿ ಬರುತ್ತಾ?” ಅಂತ ಕೇಳಿದರು. ಹೊರಗೆ ಇನ್ನೂ ಹದಿನೇಳು ಜನ ಕೂತಿದ್ದರು. ನನ್ನ ಬಾಯಿ ನನ್ನನ್ನು ಕೇಳದೆ “ಬರುತ್ತೆ” ಅಂದುಬಿಡ್ತು. ಅವರು ಜಪಾನಿಯಲ್ಲಿ ಎರಡು ಮಾತು ಆಡಿದರು. ನಾನು ತಲೆ ಆಡಿಸಿದೆ. ಅವರೂ ತಲೆ ಆಡಿಸಿ “ಭೇಷ್” ಅಂದರು. ಕೆಲಸ ಸಿಕ್ತು.

ಹೊರಡುವಾಗ ನೀನು ಬಸ್ ಸ್ಟ್ಯಾಂಡಿನಲ್ಲಿ ಹೇಳಿದ ಒಂದೇ ಮಾತು, “ಅಲ್ಲಿ ಹೋಗಿ ಜಂಬ ಕೊಚ್ಚಬೇಡಿ” ಅಂತ. ನಾನು ಆಗಲೇ ಕೊಚ್ಚಿ ಆಗಿತ್ತು. ಹೇಗೆ ಬರೀಲಿ?

ಇಲ್ಲಿ ಬಂದ ಮೇಲೆ ಫುಟ್‌ಪಾತಿನ ಹಳೇ ಪುಸ್ತಕದವನ ಹತ್ತಿರ ಜಪಾನಿ ಕಲಿಸೋ ಪುಸ್ತಕ ಒಂದು ಸಿಕ್ತು. ಕಲಿಸೋದು ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷ್ ನಿನಗೆ ಗೊತ್ತಲ್ಲ, ಹಾಗಾಗಿ ಎರಡು ಭಾಷೆ ಒಟ್ಟಿಗೆ ಕಲೀತಿದ್ದೀನಿ. ಮೊದಲ ಹದಿನಾಲ್ಕು ಪುಟ ಇಲ್ಲ, ಮೂರನೇ ಪಾಠದಿಂದ ಶುರು. ಮೂರನೇ ಪಾಠ ಛತ್ರಿ ಬಗ್ಗೆ. ಬೇಕಾದರೆ ಛತ್ರಿ ಬಗ್ಗೆ ಅರ್ಧ ಗಂಟೆ ಮಾತಾಡ್ತೀನಿ. ‘ನಮಸ್ಕಾರ’ ಅನ್ನೋಕೆ ಬರಲ್ಲ.

ಕೋಣೆಯ ಗೋಡೆಗೆಲ್ಲ ಅಕ್ಷರ ಅಂಟಿಸಿದ್ದೀನಿ. ಹಲ್ಲುಜ್ಜುವಾಗ ಹತ್ತು, ಅನ್ನ ಬೇಯೋವಾಗ ಹತ್ತು. ಮಿಷಿನ್ ಕೆಟ್ಟಾಗ ಮ್ಯಾನೇಜರು ದೊಡ್ಡ ಪುಸ್ತಕ ತಂದು ಮುಂದೆ ಇಡ್ತಾರೆ. ನಾನು ಪುಟ ತಿರುವಿ, ಹುಬ್ಬು ಗಂಟಿಕ್ಕಿ, “ಹೂಂ” ಅಂತೀನಿ. ಆಮೇಲೆ ಪುಸ್ತಕ ಮುಚ್ಚಿ, ನನ್ನ ಕೈಗೆ ಗೊತ್ತಿರೋ ಹಾಗೆ ರಿಪೇರಿ ಮಾಡ್ತೀನಿ. ಒಂದು ಸಲ ನಿಜವಾಗಿ ಓದೋಕೆ ನೋಡಿದೆ. ಎರಡು ಅಕ್ಷರ ಇದ್ದವು, ಎರಡಕ್ಕೂ ಎಡಗಡೆ ನೀರಿನ ಹನಿಯ ಗುರುತು. ಮಿಷಿನ್‌ಗೆ ನೀರು ಹೊಯ್ಯಿ ಅಂತ ಅರ್ಥ ಮಾಡಿಕೊಂಡೆ. ಪುಣ್ಯಕ್ಕೆ ಕೈ ಒಪ್ಪಲಿಲ್ಲ. ಆಮೇಲೆ ಗೊತ್ತಾಯ್ತು, ಅದು ‘ಎಣ್ಣೆ ಹಾಕಿ’ ಅಂತ.

ಈಗ ಕುತ್ತಿಗೆಗೆ ಬಂದಿದೆ. ಜೂನ್ ಹದಿಮೂರಕ್ಕೆ ಜಪಾನಿನಿಂದ ಇಂಜಿನಿಯರ್ ಬರ್ತಾರೆ. ಅವರು ಹೇಳಿದ್ದನ್ನು ನಲವತ್ತು ಜನ ಹೊಲಿಗೆಯವರಿಗೆ ನಾನು ತಿಳಿಸಬೇಕಂತೆ. ಸಿಕ್ಕಿಬಿದ್ದರೆ ವಾಪಸ್ಸು ಕಳಿಸ್ತಾರೆ. ಊರಿನ ಮಿಲ್ಲಿನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಾಗಿದೆ. ಏನು ಮಾಡಲಿ ಹೇಳು.

ನಾನೇ


ಜೂನ್ ೧೨

ಇವರಿಗೆ,

ಟೀಚರ್ ಇಲ್ಲ ಅಂತ ಓದಿ ಕೂತಲ್ಲೇ ನಕ್ಕೆ. ಆಮೇಲೆ ಸಿಟ್ಟು ಬಂತು. ಇಲ್ಲದ ಮುದುಕನ ಕೆಮ್ಮಿಗೆ ನಾನು ಕಷಾಯದ ಪುಡಿ ಬೇರೆ ಮಾಡಿಟ್ಟಿದ್ದೆ!

ಆದರೆ ನೀವು ಒಂದು ಹೇಳಿದ ಮೇಲೆ ನಾನೂ ಒಂದು ಹೇಳಬೇಕು. ಮಿಷಿನ್ ತುಳಿಯೋದು ಬಿಟ್ಟಿದ್ದೀನಿ ಅಂತ ಬರೆದಿದ್ದೆ, ಅದು ನಿಜ. ಯಾಕೆಂದರೆ ಮಿಷಿನ್‌ಗೆ ಮೋಟರ್ ಹಾಕಿಸಿದ್ದೀನಿ. ಶಾಲೆಯವರ ಯೂನಿಫಾರಂ ಒಪ್ಪಿಕೊಂಡಿದ್ದೀನಿ, ನೂರ ನಲವತ್ತು ಜೊತೆ. ನೀವು ಬೇಡ ಅಂತೀರಿ ಅಂತ ಹೇಳಲಿಲ್ಲ. ಈಗಲೂ ಬೇಡ ಅನ್ನಬೇಡಿ, ತೊಂಬತ್ತು ಆಗಿದೆ. ಬೆನ್ನಿಗೆ ದಿಂಬು ಇಟ್ಟುಕೊಂಡಿದ್ದೀನಿ. ಗುಂಡಿ ಹಚ್ಚೋದು ಅತ್ತೆ.

ಏನು ಮಾಡಲಿ ಅಂತ ಕೇಳಿದಿರಿ. ಆ ಇಂಜಿನಿಯರ್ ಬರೋ ಮೊದಲೇ ಮ್ಯಾನೇಜರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ಬಯ್ದರೆ ಬಯ್ಯಿಸಿಕೊಳ್ಳಿ. ಕಳಿಸಿದರೆ ಬನ್ನಿ, ಇಲ್ಲಿ ಐವತ್ತು ಜೊತೆಗೆ ಕಾಜಾ ಹಾಕೋದು ಬಾಕಿ ಇದೆ. ನಾಲ್ಕು ಜನರ ಮುಂದೆ ಸಿಕ್ಕಿಬಿದ್ದು ತಲೆ ತಗ್ಗಿಸಿ ನಿಲ್ಲೋದು ಮಾತ್ರ ಬೇಡ. ಅದು ನನ್ನ ಕೈಲಿ ನೆನೆಸಿಕೊಳ್ಳೋಕೂ ಆಗಲ್ಲ.

ಈ ಕಾಗದ ಹದಿಮೂರರೊಳಗೆ ನಿಮ್ಮ ಕೈ ಸೇರಲ್ಲ ಅಂತ ಗೊತ್ತು. ಆದರೂ ಬರೆದೆ.

ಮನೆಯವಳು


ಜೂನ್ ೧೪

ಇವಳಿಗೆ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ನಿನ್ನೆ ಇಂಜಿನಿಯರ್ ಬಂದು ಹೋದರು.

ಮೊದಲೇ ಹೇಳಿಬಿಡ್ತೀನಿ, ಹೆಂಗಸು. ಬರೆಯೋದಾ ಬೇಡವಾ ಅಂತ ಪೆನ್ನು ಮೂರು ಸಲ ಕೆಳಗಿಟ್ಟೆ. ಇಲ್ಲದ ಟೀಚರನ್ನು ಇಲ್ಲ ಅಂತ ಒಪ್ಪಿಕೊಂಡು ಹದಿನೈದು ದಿನ ಆಗಿದೆಯೋ ಇಲ್ಲವೋ, ಅಷ್ಟರಲ್ಲಿ ಇರೋರೇ ಬಂದುಬಿಟ್ಟರೆ ನಾನೇನು ಮಾಡಲಿ? ವಯಸ್ಸು ನಲವತ್ತು ದಾಟಿದೆ. ಭಾರದ ಸಲಕರಣೆ ಚೀಲ ತಾವೇ ಹೊತ್ತುಕೊಂಡು ಬಂದರು, ಯಾರ ಕೈಗೂ ಕೊಡಲಿಲ್ಲ.

ಮ್ಯಾನೇಜರು ನನ್ನ ಹೆಗಲ ಮೇಲೆ ಕೈ ಹಾಕಿ, “ಇವನೇ ನಮ್ಮ ಜಪಾನಿ ಪಂಡಿತ” ಅಂದರು. ಆಕೆ ತಲೆ ಬಾಗಿಸಿ ಏನೋ ಹೇಳಿದರು. ಏನಾದರೂ ಹೇಳಲೇಬೇಕಿತ್ತು. ನನ್ನ ಪುಸ್ತಕದ ಮೊದಲ ವಾಕ್ಯ ತಾನಾಗಿ ಬಾಯಿಂದ ಬಿತ್ತು: “ಕೊರೆ ವ ಕಸ ದೆ ಗೊಜಾಯಿಮಸು.” ಅಂದರೆ, ‘ಇದು ಛತ್ರಿಯಾಗಿರುತ್ತದೆ, ಸ್ವಾಮಿ.’ ಆಕೆ ನನ್ನ ಕೈ ನೋಡಿದರು. ಛತ್ರಿ ಇರಲಿಲ್ಲ. ಕಿಟಕಿಯಾಚೆ ನೋಡಿದರು. ಮಳೆಯೂ ಇರಲಿಲ್ಲ.

“ಏನಂದೆ?” ಅಂದರು ಮ್ಯಾನೇಜರು.

“ಸ್ವಾಗತ ಅಂದೆ ಸಾರ್.”

ಆಮೇಲೆ ನಲವತ್ತು ಜನರ ಮುಂದೆ ನಿಲ್ಲಿಸಿದರು. ಆಕೆ ಐದು ನಿಮಿಷ ಒಂದೇ ಸಮ ಮಾತಾಡಿದರು. ನನಗೆ ಸಿಕ್ಕಿದ್ದು ‘ಮಿಷಿನ್’ ಒಂದೇ, ಅದೂ ಕೊನೆಯಲ್ಲಿ. ಎಲ್ಲರೂ ನನ್ನ ಮುಖ ನೋಡ್ತಿದ್ದಾರೆ. ಗಂಟಲು ಸರಿಮಾಡಿಕೊಂಡು ಹೇಳಿದೆ: “ದಿನಾ ಬೆಳಿಗ್ಗೆ ಕೆಲಸ ಶುರು ಮಾಡೋ ಮುಂಚೆ ಸೂಜಿ ಮುಟ್ಟಿ ನೋಡಿ. ತುದಿ ಮೊಂಡಾಗಿದ್ದರೆ ಬದಲಾಯಿಸಿ. ದಾರ ಕಿತ್ತುಹೋದರೆ ಮಿಷಿನ್‌ಗೆ ಬಯ್ಯಬೇಡಿ, ಸೂಜಿ ನೋಡಿ.” ಎಲ್ಲರೂ ತಲೆ ಆಡಿಸಿದರು. ಆಕೆ ನನ್ನನ್ನೇ ನೋಡ್ತಾ ನಿಂತರು.

ಏಳನೇ ನಂಬರಿನ ಮಿಷಿನ್ ಬಿಚ್ಚಿದ ಮೇಲೆ ಮಾತಿನ ಕಾಟ ತಪ್ಪಿತು. ಆಕೆ ಕೈ ಚಾಚೋ ಮೊದಲೇ ಬೇಕಾದ ಸ್ಕ್ರೂಡ್ರೈವರ್ ಕೊಟ್ಟೆ. ಆಕೆ ಒಂದು ಕಡೆ ಬೆರಳಿಟ್ಟರು, ನಾನು ಇನ್ನೊಂದು ಕಡೆ ಇಟ್ಟೆ. ಆಕೆ ಬಗ್ಗಿ ನೋಡಿ ನನ್ನ ಬೆರಳಿದ್ದ ಕಡೆಗೇ ಬಂದರು. ದಾರ ಎಳೆಯೋ ಕೊಕ್ಕೆ ಕೂದಲೆಳೆಯಷ್ಟು ಸವೆದಿತ್ತು. ಎರಡು ಗಂಟೆ ಹಾಗೇ ಕೆಲಸ ನಡೀತು, ಒಬ್ಬರ ಮಾತು ಒಬ್ಬರಿಗೆ ಬೇಕಾಗಲೇ ಇಲ್ಲ.

ಚಹಾ ಕುಡಿಯೋವಾಗ ಮ್ಯಾನೇಜರು ಆಚೆ ಹೋದರು. ಆಕೆ ನನ್ನ ಕಡೆ ತಿರುಗಿ, ಇಲ್ಲಿಯವರ ಭಾಷೆಯಲ್ಲೇ, ಒಂದೊಂದೇ ಪದ ಜೋಡಿಸಿ ಹೇಳಿದರು:

“ನಾನು ಸೂಜಿ ಹೇಳಲಿಲ್ಲ.”

ನನ್ನ ಚಹಾ ಲೋಟದಲ್ಲೇ ಉಳೀತು.

“ನಾನು, ರೈಲು ತಡ, ಕ್ಷಮಿಸಿ, ಹೇಳಿದೆ. ನೀವು ಎಲ್ಲ ಒಳ್ಳೆಯವರು, ಹೇಳಿದೆ. ನೀವು ಸೂಜಿ ಹೇಳಿದಿರಿ.” ಸ್ವಲ್ಪ ಯೋಚಿಸಿ, “ಆದರೆ ಸೂಜಿ, ಸರಿ” ಅಂದರು.

ಚೀಲದಿಂದ ತಮ್ಮ ಪುಸ್ತಕ ತೆಗೆದು ತೋರಿಸಿದರು. ಆಕೆಯೂ ಮೇಷ್ಟ್ರಿಲ್ಲದೆ ಹೋಟೆಲ್ ಕೋಣೆಯಲ್ಲಿ ಕೂತು ಇಲ್ಲಿಯ ಭಾಷೆ ಕಲೀತಿದ್ದಾರೆ. ಅಂಚಿನಲ್ಲೆಲ್ಲ ಪೆನ್ಸಿಲ್ ಗೀಟು, ನನ್ನ ಪುಸ್ತಕದಲ್ಲಿರೋ ಹಾಗೇ. ನನ್ನದನ್ನು ಕೇಳಿ ತಗೊಂಡು ನಾಲ್ಕು ಪುಟ ಓದಿ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಅದು ಅವರ ಮುತ್ತಜ್ಜಿಯ ಕಾಲದ ಭಾಷೆಯಂತೆ. ಹಾಗೆ ಈಗ ಯಾರೂ ಮಾತಾಡಲ್ಲವಂತೆ. ಹೋಗೋ ಮುಂಚೆ ರಟ್ಟಿನ ಒಳಗಡೆ ನಮಸ್ಕಾರ, ಕ್ಷಮಿಸಿ, ದಯವಿಟ್ಟು ನಿಧಾನ ಹೇಳಿ, ಇಷ್ಟನ್ನೂ ಬರೆದುಕೊಟ್ಟರು. ಮ್ಯಾನೇಜರಿಗೆ ಮಾತ್ರ “ಮೆಕ್ಯಾನಿಕ್ ತುಂಬಾ ಒಳ್ಳೆಯವರು” ಅಂತಷ್ಟೇ ಹೇಳಿ ಹೊರಟರು.

ಬದುಕಿಕೊಂಡೆ ಕಣೇ. ಯಾರಿಗೂ ಗೊತ್ತಾಗಲಿಲ್ಲ.

ನಾನೇ


ಜೂನ್ ೩೦

ಇವಳಿಗೆ,

ನಿನ್ನ ಹನ್ನೆರಡನೇ ತಾರೀಖಿನ ಕಾಗದ ಬಂತು. ಬೇಕಿತ್ತಾ ಇದು ಈಗ? ಎಲ್ಲ ದಾಟಿ ಆರಾಮಾಗಿ ಕೂತಿದ್ದೆ. ಮ್ಯಾನೇಜರಿಗೆ ನಿಜ ಹೇಳಿ ಅಂತ ನೀನು ಬರೆದದ್ದನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಬಗ್ಗಿದಾಗಲೆಲ್ಲ ಚರಚರ ಅನ್ನೋದು. ನಾಲ್ಕನೇ ದಿನ ಮ್ಯಾನೇಜರು ಕರೆದು, “ಮುಂದಿನ ತಿಂಗಳು ಮಾಲೀಕರ ಜೊತೆ ಜಪಾನಿನ ವ್ಯಾಪಾರಿಗಳು ಬರ್ತಾರೆ. ಮಾತುಕತೆಗೆ ನೀನೇ ಕೂರಬೇಕು” ಅಂದರು. ಛತ್ರಿ ನೆನಪಾಯ್ತು. ಬಾಗಿಲು ಹಾಕಿ ಎಲ್ಲ ಹೇಳಿಬಿಟ್ಟೆ.

ಮ್ಯಾನೇಜರು ಕೆಂಪಗಾಗಲಿಲ್ಲ, ಬಿಳಿಚಿಕೊಂಡರು.

“ಒಂದು ಮಾತೂ ಬರಲ್ವಾ?”

“ಈಗ ಸ್ವಲ್ಪ ಬರುತ್ತೆ ಸಾರ್. ಅವತ್ತು ಬರ್ತಿರಲಿಲ್ಲ.”

“ಮತ್ತೆ ನಾನು ಜಪಾನಿಯಲ್ಲಿ ಕೇಳಿದಾಗ ತಲೆ ಯಾಕೆ ಆಡಿಸಿದೆ?”

“ನೀವು ಕೇಳಿದ್ದು ಏನಂತ ಈಗಲೂ ಗೊತ್ತಿಲ್ಲ ಸಾರ್.”

ಅವರು ಕುರ್ಚಿಯಲ್ಲಿ ಕುಸಿದರು. “ಅದು ನನ್ನ ಜಪಾನಿ ಮೋಟರ್ ಸೈಕಲ್ಲಿನ ಹೆಸರು” ಅಂದರು.

ವಿಷಯ ಏನಂದರೆ, ತಮಗೆ ಜಪಾನಿ ಚೆನ್ನಾಗಿ ಬರುತ್ತೆ, ಅಭ್ಯರ್ಥಿಯನ್ನು ತಾವೇ ಪರೀಕ್ಷೆ ಮಾಡಿದ್ದು ಅಂತ ಅವರು ಮಾಲೀಕರಿಗೆ ಬರೆದುಕೊಟ್ಟಿದ್ದಾರೆ. ನನ್ನನ್ನು ಕಳಿಸಿದರೆ ಅವರೂ ನನ್ನ ಹಿಂದೆಯೇ ಹೊರಡಬೇಕು. ಕೊನೆಗೆ ಅವರೇ ವ್ಯಾಪಾರಿಗಳಿಗೆ ಅಂತ ಪೇಟೆಯಿಂದ ನಿಜವಾದ ದುಭಾಷಿಯನ್ನು ಕರೆಸೋದು, ನನಗೆ ಮಿಷಿನ್ ಕೆಲಸವೇ ಹೆಚ್ಚಾಗಿದೆ ಅಂತ ಮಾಲೀಕರಿಗೆ ಹೇಳೋದು ಅಂತ ತೀರ್ಮಾನ ಮಾಡಿದರು. ಆಮೇಲೆ ದನಿ ತಗ್ಗಿಸಿ, “ಆ ಪುಸ್ತಕ ಎಲ್ಲಿ ಸಿಕ್ತು?” ಅಂದರು.

ನಿನ್ನೆಯಿಂದ ಊಟದ ಬಿಡುವಿನಲ್ಲಿ ಅವರ ಕೋಣೆಯಲ್ಲಿ ಪಾಠ. ನಾನು ಹೇಳಿಕೊಡೋದು, ಅವರು ಬರೆಯೋದು. ವಿದ್ಯಾರ್ಥಿ ಅಷ್ಟು ಚುರುಕಿಲ್ಲ. ನಾಲ್ಕು ಅಕ್ಷರ ಕೊಟ್ಟರೆ ಎರಡು ಮರೀತಾರೆ, ಮರೆತಿದ್ದಕ್ಕೆ ನನ್ನ ಮೇಲೆ ರೇಗ್ತಾರೆ. ಬಾಗಿಲ ಹೊರಗೆ ‘ಮೀಟಿಂಗ್’ ಅಂತ ಬೋರ್ಡು ನೇತುಹಾಕಿರ್ತಾರೆ.

ಯೂನಿಫಾರಂ ವಿಷಯಕ್ಕೆ ನನಗೂ ಸಿಟ್ಟು ಬಂದಿದೆ. ಆದರೆ ಮೋಟರಿನ ಬೆಲ್ಟ್ ಜಾಸ್ತಿ ಬಿಗಿ ಇಡಬೇಡ. ಬೆರಳಿಂದ ಒತ್ತಿದರೆ ಅರ್ಧ ಇಂಚು ಬಗ್ಗಬೇಕು.

ನಾನೇ


ಜುಲೈ ೧೫

ಇವರಿಗೆ,

ಎರಡು ಕಾಗದವೂ ಸೇರಿದವು. ಬೆಲ್ಟ್ ಸಡಿಲ ಮಾಡಿದೆ, ಸದ್ದು ಕಡಿಮೆಯಾಯ್ತು.

ಇಂಜಿನಿಯರ್ ಹೆಂಗಸು ಅಂತ ಓದಿದಾಗ ಏನೂ ಅನ್ನಿಸಲಿಲ್ಲ ಅಂದರೆ ಅದು ಸುಳ್ಳಾಗುತ್ತೆ. ಆದರೆ ಪೆನ್ನು ಮೂರು ಸಲ ಕೆಳಗಿಟ್ಟರೂ ಕೊನೆಗೆ ಬರೆದಿರಲ್ಲ, ಅಷ್ಟು ಸಾಕು. ನಲವತ್ತು ಜನರ ಎದುರಿಗೆ ನಿಮ್ಮ ಮಾನ ಉಳಿಸಿದ ಹೆಂಗಸು, ಎಲ್ಲಿದ್ದರೂ ಚೆನ್ನಾಗಿರಲಿ. ನಾನಾಗಿದ್ದರೆ ಅಲ್ಲೇ ನಕ್ಕುಬಿಡ್ತಿದ್ದೆ.

ಮ್ಯಾನೇಜರಿಗೆ ಹೇಳಿದಿರಿ ಅಂತ ಓದಿ ಎದ್ದು ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಕೆಲಸ ಉಳಿದದ್ದಕ್ಕಲ್ಲ. ಹೇಳಿದಿರಲ್ಲ, ಅದಕ್ಕೆ. ಮ್ಯಾನೇಜರ ಮೋಟರ್ ಸೈಕಲ್ ಕಥೆ ಮಾತ್ರ ಅತ್ತೆಗೆ ಓದಲಿಲ್ಲ. ಓದಿದ್ದರೆ ಇಷ್ಟು ಹೊತ್ತಿಗೆ ನಿಮ್ಮ ಮಾಲೀಕರ ಕಿವಿಗೂ ಬಿದ್ದಿರೋದು.

ಯೂನಿಫಾರಂ ನೂರ ನಲವತ್ತೂ ಕೊಟ್ಟಾಯ್ತು. ಹೊಸ ಯೂನಿಫಾರಂ ಹಾಕಿದ ಮೊದಲ ದಿನ ಮಕ್ಕಳೆಲ್ಲ ನಮ್ಮ ಮನೆ ಮುಂದೇ ಸಾಲಾಗಿ ಹೋದರು. ಒಬ್ಬ ಹುಡುಗಿಯ ತೋಳು ಎರಡು ಇಂಚು ಉದ್ದ ಇತ್ತು. ರಸ್ತೆಯಲ್ಲೇ ನಿಲ್ಲಿಸಿ, ಸೂಜಿ ದಾರ ತಂದು ಮಡಿಚಿ ಹೊಲಿದೆ. ಅತ್ತೆ ಜಗಲಿಯಲ್ಲಿ ನಿಂತು ಹೋಗಿಬರೋರಿಗೆಲ್ಲ, “ಗುಂಡಿ ಪೂರ್ತಿ ನಾನೇ ಹಚ್ಚಿದ್ದು” ಅಂತಿದ್ದರು. ಈಗ ಇನ್ನೊಂದು ಶಾಲೆಯವರು ಕೇಳಿದ್ದಾರೆ. ಒಪ್ಪಿಕೊಳ್ಳೋ ಮುಂಚೆ ನಿಮಗೆ ತಿಳಿಸ್ತಿದ್ದೀನಿ, ನೋಡಿ.

ಮನೆಯಲ್ಲಿ ಎಲ್ಲ ಸರಿಯಾಗಿದೆ. ಸಂಜೆ ಕೆಲಸ ಮುಗಿದ ಮೇಲೆ ಸ್ವಲ್ಪ ಬಿಕೋ ಅನ್ನಿಸುತ್ತೆ, ಅಷ್ಟೇ.

ಇನ್ನೊಂದು ವಿಷಯ. ‘ನಿಮ್ಮ ನೆನಪಾಗ್ತಿದೆ’ ಅನ್ನೋದಕ್ಕೆ ಜಪಾನಿಯಲ್ಲಿ ಏನಂತಾರೆ? ಅತ್ತೆ ಕೇಳಿದರು. ನಾನಲ್ಲ. ಬಿಡಿಸಿ ಬಿಡಿಸಿ, ಕನ್ನಡದ ಅಕ್ಷರದಲ್ಲಿ ಬರೀರಿ. ತಡ ಮಾಡಬೇಡಿ, ಅತ್ತೆ ಕಾಯ್ತಿದ್ದಾರೆ.

ಮನೆಯವಳು